ನಲವತ್ತು ಟಿವಿಗಳ ಮುಂದೆ ಧಾರೆ

ನಮ್ಮ ಮನೆಯ ಹಾಲಿನ ಗೋಡೆಯ ಮೇಲೆ ಈಗಲೂ ಟಿವಿ ಇಲ್ಲ. ನಾಲ್ಕು ತೂತುಗಳಿವೆ. ಅವನ್ನು ಕೊರೆದವರು ನನ್ನ ಗಂಡ ಗುರುರಾಜ್. ಯಾವ ಟಿವಿ ಎಂದು ತೀರ್ಮಾನವಾಗುವ ಮೊದಲೇ ಅದನ್ನು ತೂಗುಹಾಕುವ ತೂತುಗಳ ಬಗ್ಗೆ ತೀರ್ಮಾನ ಮಾಡಿಬಿಟ್ಟಿದ್ದರು. ಕೂಸು ಹುಟ್ಟುವ ಮುನ್ನ ಕುಲಾವಿ ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಕುಲಾವಿ ಇದೆ, ಕೂಸು ಇನ್ನೂ ಅಂಗಡಿಯಲ್ಲೇ ಇದೆ.

ನ್ಯೂಜಿಲೆಂಡಿನ ಅಪ್ಪರ್ ಹಟ್‌ನಿಂದ ದಿನಾ ರೈಲು ಹತ್ತಿ ವೆಲಿಂಗ್ಟನ್‌ಗೆ ಹೋಗಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವುದು ಇವರ ಕೆಲಸ. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕಿದರೆ ಸಂಬಳ. ಆ ಚಾಳಿ ಸಂಜೆ ರೈಲಿನಲ್ಲಿ ಇವರ ಜೊತೆಗೇ ಮನೆಗೆ ಬರುತ್ತದೆ. ಮಿಕ್ಸಿ ಕೊಳ್ಳುವಾಗ ಮೂರು ಮಿಕ್ಸಿಗಳಲ್ಲಿ ಒಂದೇ ಚಟ್ನಿ ಅರೆಸಿ, ಮನೆಗೆ ಬಂದ ನೆಂಟರ ಕಣ್ಣಿಗೆ ಟವೆಲು ಕಟ್ಟಿ ತಿನ್ನಿಸಿದ್ದರು. ಆ ನೆಂಟರು ಆಮೇಲೆ ಸಮುದ್ರದಾಚೆಯ ನೆಲ್ಸನ್‌ಗೆ ಮನೆ ಬದಲಾಯಿಸಿದರು. ಚಟ್ನಿಗೂ ಅದಕ್ಕೂ ಸಂಬಂಧವಿಲ್ಲ ಅಂತ ಇವರು ಹೇಳುತ್ತಾರೆ.

ಟಿವಿಯ ವಿಷಯದಲ್ಲಿ ಮಾತ್ರ ನನಗೆ ತಮಾಷೆ ಬೇಕಿರಲಿಲ್ಲ. ಏಪ್ರಿಲ್ ತಿಂಗಳ ಮೊದಲ ಭಾನುವಾರ ಮೈಸೂರಿನಲ್ಲಿ ನನ್ನ ತಂಗಿ ನಿಖಿತಾಳ ಮದುವೆ. ಅವಳು ಆರನೇ ಕ್ಲಾಸಿನಲ್ಲಿದ್ದಾಗ ಅಮ್ಮ ಹೋದರು, ಪಿಯುಸಿಗೆ ಬರುವಷ್ಟರಲ್ಲಿ ಅಪ್ಪನೂ ಹೋದರು. ಅವಳಿಗೆ ಎರಡು ಜಡೆ ಹೆಣೆದದ್ದು, ಸ್ಕೂಲಿನ ಮೀಟಿಂಗಿಗೆ ಹೋಗಿ ಅವಳ ಪರವಾಗಿ ಬೈಸಿಕೊಂಡು ಬಂದದ್ದು, ಅವಳ ಮೊದಲ ಸಂಬಳದ ಸೀರೆ ಉಟ್ಟದ್ದು ಎಲ್ಲ ನಾನೇ. ಹಾಗಾಗಿ ಅವಳನ್ನು ಧಾರೆ ಎರೆದು ಕೊಡಬೇಕಾದವರು ನಾನು ಮತ್ತು ಗುರುರಾಜ್. ಟಿಕೆಟ್ಟೂ ಆಗಿತ್ತು. ಅಷ್ಟರಲ್ಲಿ ಹಿತ್ತಿಲ ಮರದ ಹಲಗೆಯ ಡೆಕ್ಕಿನ ಪಾಚಿಯ ಮೇಲೆ ಜಾರಿ ಕಾಲಿನ ಗಂಟು ಮುರಿದುಕೊಂಡೆ. ಡಾಕ್ಟರು ಮಂಡಿಯವರೆಗೆ ಬರುವ ಮೂನ್ ಬೂಟ್ ತೊಡಿಸಿ, ಅಷ್ಟು ದೂರದ ವಿಮಾನ ಈಗ ಬೇಡವೇ ಬೇಡ ಅಂದರು. ನಾನು ಅತ್ತ ಅಳುವಿಗೆ ಪಕ್ಕದ ಮನೆಯವರು ಕೇಕ್ ತಂದುಕೊಟ್ಟರು.

ಕೊನೆಗೆ ದಾರಿ ತೋರಿಸಿದವರು ಮೈಸೂರಿನ ಪುರೋಹಿತರು. ವಾಸುದೇವ್ ಚಿಕ್ಕಪ್ಪ, ಕಮಲಾ ಚಿಕ್ಕಮ್ಮ ಅಲ್ಲಿ ವಧೂವರರ ಕೈಮೇಲೆ ನೀರು ಎರೆಯಲಿ, ಸಂಕಲ್ಪದಲ್ಲಿ ನಿಮ್ಮಿಬ್ಬರ ಹೆಸರು ಹೇಳುತ್ತೇನೆ, ಅದೇ ಹೊತ್ತಿಗೆ ನೀವು ಅಲ್ಲಿಂದ ನೀರು ಬಿಡಿ, ವಿಡಿಯೋ ಕಾಲ್ ಇದ್ದರೆ ಸಾಕು ಅಂದರು. ಛತ್ರದ ಮಂಟಪದ ಎದುರು ಗೋಡೆಯಗಲದ ಪರದೆ ಇತ್ತು. ಚಿಕ್ಕಮ್ಮನ ಫೋನನ್ನು ಅದಕ್ಕೆ ಜೋಡಿಸಿ ನಮ್ಮನ್ನು ಎಲ್ಲರಿಗೂ ತೋರಿಸುತ್ತೇನೆ ಅಂತ ಫೋಟೋದವನು ಒಪ್ಪಿಕೊಂಡ.

"ನಮಗೂ ಒಂದು ಒಳ್ಳೆ ಟಿವಿ ಬೇಕು," ಅಂದೆ ಗುರುರಾಜ್‌ಗೆ. "ಅವಳ ಮುಖ ನೋಡ್ತಾ ಎರೀಬೇಕು ನಾನು. ಅಂಗೈಯಗಲದ ಫೋನಲ್ಲಿ ಆಗಲ್ಲ. ಹಳೇ ಟಿವೀಲಿ ಎಲ್ಲರೂ ಕಾಮಾಲೆ ಬಂದೋರ ಥರ ಕಾಣ್ತಾರೆ."

ಇವರು ಮೊದಲು ಮಾಡಿದ ಕೆಲಸವೆಂದರೆ ಆ ಹಳೇ ಟಿವಿಯನ್ನು ಗೆಳತಿಯರ ಜೊತೆ ಬಾಡಿಗೆ ಮನೆ ಹಂಚಿಕೊಂಡಿರುವ ಯಾರೋ ಹುಡುಗಿಗೆ ಕೊಟ್ಟುಬಿಟ್ಟದ್ದು. ಹಳೆಯದು ಕಣ್ಣೆದುರಿಗಿದ್ದರೆ ಹೊಸದಕ್ಕೆ ಮನಸ್ಸು ಗಟ್ಟಿಯಾಗುವುದಿಲ್ಲವಂತೆ. ಎರಡನೆಯದು ಆ ನಾಲ್ಕು ತೂತು. ಮೂರನೆಯದಕ್ಕೆ ಪಕ್ಕದ ಊರು ಲೋವರ್ ಹಟ್‌ನ ಅಂಗಡಿಗೆ ಹೊರಟರು.

ಅಲ್ಲಿ ಗೋಡೆ ತುಂಬ ನಲವತ್ತು ಟಿವಿಗಳು. ಎಲ್ಲದರಲ್ಲೂ ಒಂದೇ ಗಿಳಿ ಒಂದೇ ಹೊತ್ತಿಗೆ ರೆಕ್ಕೆ ಬಿಚ್ಚುತ್ತಿರುತ್ತದೆ. ಮೊದಲ ಶನಿವಾರ ನನ್ನನ್ನು ಮಾರಾಟಕ್ಕಿಟ್ಟ ಸೋಫಾದ ಮೇಲೆ ಕೂರಿಸಿ, ಬೂಟುಗಾಲನ್ನು ಒಂದು ಸ್ಪೀಕರಿನ ಮೇಲೆ ಎತ್ತಿಟ್ಟು ಪಾಠ ಶುರು ಮಾಡಿದರು. ಓಲೆಡ್ ಅಂದರೆ ಪ್ರತಿ ಚುಕ್ಕಿಯೂ ತಾನೇ ಉರಿಯುವ ದೀಪ. ಕಪ್ಪು ಬೇಕಾದ ಕಡೆ ದೀಪ ಆರಿಯೇ ಹೋಗುತ್ತದೆ, ಆದ್ದರಿಂದ ಕಪ್ಪು ಅಂದರೆ ಕಾಡಿಗೆಗಪ್ಪು. ಆದರೆ ಒಂದೇ ಚಿತ್ರ ಬಹಳ ದಿನ ಒಂದೇ ಕಡೆ ನಿಂತರೆ ಅದರ ಕಲೆ ಪರದೆಯಲ್ಲಿ ಉಳಿದುಬಿಡಬಹುದು. ಕ್ಯೂಲೆಡ್‌ನಲ್ಲಿ ದೀಪ ಹಿಂದೆ, ಬಣ್ಣ ಮುಂದೆ. ಹಗಲಲ್ಲೂ ಝಗಝಗ, ಆದರೆ ಹಿಂದಿನ ಬೆಳಕು ಸೋರಿ ಕಪ್ಪು ಬೂದಿಯಾಗುತ್ತದೆ. ಮಿನಿ ಎಲ್‌ಇಡಿಯಲ್ಲಿ ಹಿಂದಿನ ದೀಪವನ್ನೇ ಸಾವಿರಾರು ಪುಟಾಣಿ ದೀಪಗಳಾಗಿ ಒಡೆದಿರುತ್ತಾರೆ, ಬೇಡದ ಕಡೆ ಆರಿಸಬಹುದು. ಆದರೆ ಕತ್ತಲಲ್ಲಿ ಬೆಳ್ಳಗಿನದೇನಾದರೂ ಬಂದರೆ ಅದರ ಸುತ್ತ ದೇವರ ಫೋಟೋದಲ್ಲಿರುವಂಥ ಪ್ರಭೆ ಮೂಡುತ್ತದೆ.

"ಹಾಗಾದ್ರೆ ಮಿನೀನೇ ತಗೊಳ್ಳಿ. ಮದುಮಗಳ ಸುತ್ತ ಪ್ರಭೆ ಇದ್ರೆ ಒಳ್ಳೇದೇ," ಅಂದೆ.

"ನಮ್ಮ ಹಾಲು ಉತ್ತರಕ್ಕಿದೆ ಚಂದ್ರಿ, ಈ ದೇಶದಲ್ಲಿ ಸೂರ್ಯ ಇರೋದೇ ಉತ್ತರದ ಕಡೆ, ಮಧ್ಯಾಹ್ನವೆಲ್ಲ ಬಿಸಿಲು. ಓಲೆಡ್ ಹಾಕಿದ್ರೆ ನಮ್ಮ ಮುಖವೇ ಕಾಣುತ್ತೆ. ಆದ್ರೆ ಮುಹೂರ್ತದ ಹೊತ್ತಿಗೆ ಬಿಸಿಲು ಪಕ್ಕದ ಮನೆ ಮರದ ಹಿಂದೆ ಹೋಗಿರುತ್ತೆ, ಆಗ ಓಲೆಡ್ಡೇ ಸರಿ. ಅಷ್ಟರಲ್ಲಿ ಮರದ ಎಲೆ ಉದುರಿದ್ರೆ?"

"ಎಲೆ ಉದುರಿದ್ರೆ ನಾನು ಹೋಗಿ ಮರದ ಮುಂದೆ ಸೀರೆ ಹಿಡ್ಕೊಂಡು ನಿಲ್ತೀನಿ. ಯಾವುದಾದ್ರೂ ಒಂದು ತಗೊಳ್ಳಿ."

ತಗೊಳ್ಳಲಿಲ್ಲ. ಮುಂದಿನ ಶನಿವಾರ ಲ್ಯಾಪ್‌ಟಾಪಿನ ಜೊತೆ ಒಂದು ಬಟ್ಟೆಯ ತುಂಡೂ ಹೊರಟಿತು. ನಿಖಿತಾ ತನ್ನ ಧಾರೆ ಸೀರೆಯ ರವಿಕೆ ಕಣದಲ್ಲಿ ಒಂದು ತುಂಡನ್ನು, ಬಣ್ಣ ನೋಡಲಿ ಅಂತ, ನನಗೆ ಪೋಸ್ಟಿನಲ್ಲಿ ಕಳಿಸಿದ್ದಳು. ದಾಸವಾಳಕ್ಕೂ ಕುಂಕುಮಕ್ಕೂ ನಡುವಿನ ಕೆಂಪು. ಇವರು ಆ ಸೀರೆಯ ಫೋಟೋವನ್ನು ಲ್ಯಾಪ್‌ಟಾಪಿನಿಂದ ನಲವತ್ತು ಟಿವಿಗಳಿಗೂ ಹರಿಸಿ, ಬಟ್ಟೆಯ ತುಂಡನ್ನು ಒಂದೊಂದರ ಪಕ್ಕ ಹಿಡಿದು, ಕಣ್ಣು ಕಿರಿದು ಮಾಡಿ, ಹಿಂದೆ ಸರಿದು, ಮುಂದೆ ಬಂದು ನೋಡಿದರು. ಇಷ್ಟನ್ನೂ ಮಾಡಲು ಬಿಟ್ಟವಳು ಅಲ್ಲಿನ ಮೇಲ್ವಿಚಾರಕಿ ಶೆರಿಲ್, ಅರವತ್ತರ ಆಸುಪಾಸಿನವಳು, ಅವಸರವೆಂಬುದನ್ನೇ ಕಾಣದ ಹೆಂಗಸು. ಮೊದಲ ವಾರ ಏನು ಬೇಕೆಂದು ಕೇಳಿದಳು. ಎರಡನೇ ವಾರ ಕೇಳಲಿಲ್ಲ. ಮೂರನೇ ವಾರ ಟೀ ತಂದುಕೊಟ್ಟಳು. ಅಷ್ಟರಲ್ಲಿ ಗಿರಾಕಿಗಳು ಇವರನ್ನೇ ಅಂಗಡಿಯವರು ಅಂದುಕೊಂಡು ಪ್ರಶ್ನೆ ಕೇಳತೊಡಗಿದ್ದರು. ಟೋಸ್ಟರ್ ಕೊಳ್ಳಲು ಬಂದಿದ್ದ ಒಬ್ಬ ಅಜ್ಜನಿಗೆ ಕಪ್ಪಿನ ಮಹತ್ವ ವಿವರಿಸಿ ಓಲೆಡ್ ಕೊಳ್ಳಿಸಿ ಕಳಿಸಿದರು. ಆ ಅಜ್ಜ ಬೆಳಿಗ್ಗೆ ಬ್ರೆಡ್ ಹೇಗೆ ತಿನ್ನುತ್ತಾನೋ ದೇವರೇ ಬಲ್ಲ.

ಅಳೆದೂ ಸುರಿದೂ ಮದುವೆಯ ದಿನ ಬಂದೇಬಿಟ್ಟಿತು. ಮನೆಯಲ್ಲಿ ಟಿವಿ ಇರಲಿಲ್ಲ.

ನಾನು ಕೂಗಾಡಲಿಲ್ಲ. ಕೂಗಾಡುವ ಹಂತ ದಾಟಿತ್ತು. ಮೈಸೂರಿನಲ್ಲಿ ಮುಹೂರ್ತ ಬೆಳಿಗ್ಗೆ ಒಂಬತ್ತೂಕಾಲಕ್ಕೆ, ಅಂದರೆ ನಮಗೆ ಸಂಜೆ ನಾಲ್ಕೂ ಮುಕ್ಕಾಲಿಗೆ ಅಂತ ಗುರುರಾಜ್ ಹಿಂದೆಯೇ ಲೆಕ್ಕ ಹಾಕಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದರು. ಊಟದ ಮೇಜಿನ ಮೇಲೆ ತಾಮ್ರದ ಚೊಂಬು, ತೆಂಗಿನಕಾಯಿ, ಅಕ್ಷತೆ, ತಟ್ಟೆ ಎಲ್ಲ ಜೋಡಿಸಿಟ್ಟೆ. ರೇಷ್ಮೆ ಸೀರೆ ಉಟ್ಟೆ. ಗುರುರಾಜ್‌ಗೆ ಜರಿ ಪಂಚೆ ಉಡಿಸಿ, "ನಡೀರಿ, ನಾನೂ ಬರ್ತೀನಿ. ಇವತ್ತು ಟಿವಿ ಇಲ್ದೆ ವಾಪಸ್ ಬಂದ್ರೆ ಆ ತೂತಿಗೆ ನಿಮ್ಮನ್ನೇ ತೂಗುಹಾಕ್ತೀನಿ," ಅಂದೆ.

ಟಿವಿ ಹೊತ್ತು ತರಲು ನಮ್ಮ ಪರಿಚಯದ ಹುಡುಗ ಯಶ್ವಂತ್ ತನ್ನ ಯೂಟ್, ಅಂದರೆ ಹಿಂದೆ ಸಾಮಾನು ಹೇರುವ ಗಾಡಿ, ತಂದಿದ್ದ. ಹುಬ್ಬಳ್ಳಿಯವನು, ಓದಲು ಬಂದು ಇಲ್ಲೇ ಉಳಿದು ಅಡುಗೆಮನೆ ಕಪಾಟು ಕೂರಿಸುವ ಕೆಲಸ ಮಾಡುತ್ತಾನೆ. ಒಂದು ಕಾಲಿಗೆ ಕಾಲುಂಗುರ, ಇನ್ನೊಂದಕ್ಕೆ ಮೂನ್ ಬೂಟ್ ಇದ್ದ ನನ್ನನ್ನು ಮುಂದಿನ ಸೀಟಿಗೆ ಹತ್ತಿಸುವಾಗ, "ಅಕ್ಕಾರ, ಮದುವಿ ನಿಮ್ದೋ ತಂಗೀದೋ?" ಅಂದ. ನಾನು ನೋಡಿದ ನೋಟಕ್ಕೆ ಓಡಿಹೋಗಿ ಸ್ಟೀರಿಂಗ್ ಹಿಡಿದ.

ಮಧ್ಯಾಹ್ನ ಮೂರರ ಹೊತ್ತಿಗೆ ಅಂಗಡಿಯಲ್ಲಿದ್ದೆವು. ಶೆರಿಲ್ ನಮ್ಮ ಉಡುಗೆ ನೋಡಿ, ಕೊನೆಗೂ ಕೊಳ್ಳುತ್ತಾರೆ ಎಂದು ಅರ್ಥ ಮಾಡಿಕೊಂಡು ಕೈಕುಲುಕಿದಳು. ಗುರುರಾಜ್ ಕೊನೆಯದಾಗಿ ಒಂದೇ ಒಂದು ಸಲ ಎಂದು ಲ್ಯಾಪ್‌ಟಾಪ್ ಜೋಡಿಸಿ ಸೀರೆಯ ಫೋಟೋ ಹಾಕಿದರು. ಪಂಚೆ ಎತ್ತಿ ಕಟ್ಟಿಕೊಂಡು, ಬಟ್ಟೆಯ ತುಂಡು ಹಿಡಿದು ಗೋಡೆಯುದ್ದಕ್ಕೂ ಓಡಾಡಿದರು. ಕೊನೆಗೆ ಮೂರರಲ್ಲಿ ಒಂದು ಅಂದರು. ಆಮೇಲೆ ಎರಡರಲ್ಲಿ ಒಂದು ಅಂದರು. ಆಮೇಲೆ ಮತ್ತೆ ಮೂರು ಅಂದರು. ಆಗ ನನ್ನ ಫೋನು ಹೊಡೆದುಕೊಂಡಿತು.

"ಎಲ್ಲಿದೀರೇ ನೀವು?" ಕಮಲಾ ಚಿಕ್ಕಮ್ಮನ ದನಿ. ಹಿಂದಿನಿಂದ ಓಲಗ ಕೇಳುತ್ತಿತ್ತು. "ಅಂತರಪಟ ಹಿಡಿಯೋಕೆ ರೆಡಿ ಆಗ್ತಿದಾರೆ. ಇನ್ನು ಕಾಲು ಗಂಟೇಲಿ ಮುಹೂರ್ತ."

"ಇನ್ನೂ ಒಂದೂಕಾಲು ಗಂಟೆ ಇದೆಯಲ್ಲ ಚಿಕ್ಕಮ್ಮ. ಮುಂಚೆ ಮಾಡ್ತಿದಾರಾ?"

"ಯಾರೂ ಮುಂಚೆ ಮಾಡ್ತಿಲ್ಲ. ಇಲ್ಲಿ ಒಂಬತ್ತು ಗಂಟೆ."

ನಾನು ಗುರುರಾಜ್ ಮುಖ ನೋಡಿದೆ. ಇವರು ಫೋನಿನಲ್ಲಿ ಗಂಟೆ ನೋಡಿಕೊಂಡರು, ಮೂರೂವರೆ. ವಿಷಯ ಕೇಳಿ ತಿಳಿದ ಶೆರಿಲ್ ಸಮಾಧಾನದಿಂದ, ಇವತ್ತು ಬೆಳಗಿನ ಜಾವ ದೇಶದ ಗಡಿಯಾರವನ್ನೆಲ್ಲ ಒಂದು ಗಂಟೆ ಹಿಂದಕ್ಕೆ ತಿರುಗಿಸಿದ್ದಾರಲ್ಲ, ಬೇಸಿಗೆಯ ಸಮಯ ಮುಗಿಯಿತು ಅಂದಳು. ಏಪ್ರಿಲ್ ಮೊದಲ ಭಾನುವಾರ ಇಲ್ಲಿ ಪ್ರತಿ ವರ್ಷ ಆಗುವುದು ಅದೇ. ಫೋನುಗಳು ತಾವಾಗಿಯೇ ತಿರುಗಿಕೊಂಡಿದ್ದವು, ಫ್ರಿಜ್ಜಿನ ಚೀಟಿ ತಿರುಗಿರಲಿಲ್ಲ. ನಾಲ್ಕೂ ಮುಕ್ಕಾಲು ಎಂಬುದು ಹಳೆಯ ಲೆಕ್ಕ, ಇವತ್ತಿನ ಮುಹೂರ್ತ ಮೂರೂ ಮುಕ್ಕಾಲಿಗೆ. ಪಕ್ಕದ ಮನೆ ಮರದ ಎಲೆ ಉದುರುವುದನ್ನು ಲೆಕ್ಕಕ್ಕೆ ಹಿಡಿದ ಮಹಾನುಭಾವರು ಇಡೀ ದೇಶದ ಗಡಿಯಾರ ತಿರುಗುವುದನ್ನು ಮರೆತಿದ್ದರು.

ಮನೆಗೆ ಅರ್ಧ ಗಂಟೆಯ ದಾರಿ. ಹೋಗುವ ಮಾತೇ ಇರಲಿಲ್ಲ.

"ಲ್ಯಾಪ್‌ಟಾಪ್ ಜೋಡಿಸಿದೆಯಲ್ಲ, ಇಲ್ಲೇ ಮಾಡೋಣ," ಅಂದರು ಗುರುರಾಜ್. ಅಷ್ಟು ವಾರಗಳಲ್ಲಿ ಇವರು ತೆಗೆದುಕೊಂಡ ಮೊದಲ ತೀರ್ಮಾನ ಅದು.

ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ ಎಲ್ಲರೂ ಒಂದೊಂದು ಕಡೆ ಓಡಿದರು. ಧಾರೆಗೆ ಚೊಂಬು ಬೇಕು, ನೀರು ಬೇಕು, ನೀರು ಬೀಳಲು ಪಾತ್ರೆ ಬೇಕು ಅಂತ ಹೇಳಿದೆ. ಯಾಕೆಂದು ಶೆರಿಲ್ ಕೇಳಲಿಲ್ಲ. ನೋ ವರಿಸ್ ಅಂದವಳೇ ಕಪಾಟಿನಿಂದ ಗಾಜಿನ ಎಲೆಕ್ಟ್ರಿಕ್ ಕೆಟಲ್ ಇಳಿಸಿ ನೀರು ತುಂಬಿಸಿಕೊಂಡು ಬಂದಳು. ಕೆಳಗಿಡಲು ಸ್ಲೋ ಕುಕ್ಕರಿನ ಒಳಪಾತ್ರೆ ತಂದಳು. ಯಶ್ವಂತ್ ಪಕ್ಕದ ಸೂಪರ್‌ಮಾರ್ಕೆಟ್ಟಿಗೆ ತೆಂಗಿನಕಾಯಿ ತರಲು ಓಡಿದ. ಬರುವಾಗ ಅವನ ಕೈಯಲ್ಲಿದ್ದದ್ದು ತೆಂಗಿನ ಹಾಲಿನ ಡಬ್ಬಿ.

"ಕಾಯಿ ಇಲ್ರೀ ಅಕ್ಕಾರ. ಇದರಾಗೂ ತೆಂಗಿನಕಾಯೀನ ಅದ ನೋಡ್ರಿ, ಒಡೆಯೂದು ಒಂದ್ ತಪ್ಪಿತು."

ಡಬ್ಬಿಯನ್ನು ಪಾತ್ರೆಯ ಪಕ್ಕ ಇಟ್ಟೆ. ಫ್ರಿಜ್ ನೋಡಲು ಬಂದಿದ್ದ ವಯಸ್ಸಾದ ಗಂಡಹೆಂಡತಿ ಏನು ನಡೆಯುತ್ತಿದೆ ಎಂದು ಕೇಳಿ, ಮದುವೆ ಎಂದು ತಿಳಿದು, ನನ್ನ ಹಿಂದಿನ ಸೋಫಾದಲ್ಲಿ ಹೆಣ್ಣಿನ ಕಡೆಯವರಾಗಿ ಕುಳಿತರು. ಅಕ್ಷತೆಗೆ ಮಾತ್ರ ಏನೂ ಸಿಗಲಿಲ್ಲ. ಹೋಮ್ ಥಿಯೇಟರ್ ತೋರಿಸುವ ಮೂಲೆಯಲ್ಲಿ ಇಟ್ಟಿದ್ದ ಪಾಪ್‌ಕಾರ್ನ್ ಬಟ್ಟಲನ್ನು ಶೆರಿಲ್ ಎಲ್ಲರ ಮುಂದೆ ಹಿಡಿದಳು. ಎಲ್ಲರೂ ಭಕ್ತಿಯಿಂದ ಒಂದೊಂದು ಹಿಡಿ ತೆಗೆದುಕೊಂಡರು.

ಕಾಲ್ ಬಂತು. ಗುರುರಾಜ್ ಒತ್ತಿದರು. ನಲವತ್ತು ಗಿಳಿಗಳಿದ್ದ ಗೋಡೆಯಲ್ಲಿ ನಲವತ್ತು ನಿಖಿತಾ.

ತಲೆ ತಗ್ಗಿಸಿ ಕುಳಿತಿದ್ದಳು. ಬಾಸಿಂಗ, ಮೊಗ್ಗಿನ ಜಡೆ, ಹಣೆಗೆ ಅಡ್ಡವಾಗಿ ಬಿದ್ದ ಒಂದು ಕೂದಲೆಳೆ. ಒಂದು ಟಿವಿಯಲ್ಲಿ ಸೀರೆ ದಾಸವಾಳ, ಒಂದರಲ್ಲಿ ಕುಂಕುಮ, ಒಂದರಲ್ಲಿ ಟೊಮೆಟೋ, ಕೆಳಗಿನ ಸಾಲಿನ ಅಗ್ಗದ ಟಿವಿಯೊಂದರಲ್ಲಿ ಬದನೆಕಾಯಿ. ಹಣೆಯ ಆ ಕೂದಲನ್ನು ಯಾರೂ ಸರಿ ಮಾಡಿರಲಿಲ್ಲ. ನಾನಿದ್ದಿದ್ದರೆ ಮಾಡುತ್ತಿದ್ದೆ. ಕೈ ತಾನಾಗಿ ಮುಂದೆ ಹೋಯಿತು, ನನಗೇ ನಾಚಿಕೆಯಾಗಿ ಹಿಂದಕ್ಕೆ ತೆಗೆದುಕೊಂಡೆ.

ಆ ಕಡೆ ಛತ್ರದಲ್ಲಿ ಗುಜುಗುಜು ಎದ್ದಿತು. ಲ್ಯಾಪ್‌ಟಾಪು ಪಕ್ಕಕ್ಕಿದ್ದದ್ದರಿಂದ ಗೋಡೆಯಗಲದ ಪರದೆಯಲ್ಲಿ ನಾವು, ನಮ್ಮ ಎದುರಿನ ಗೋಡೆಯ ನಲವತ್ತು ಮದುಮಗಳು, ಎಲ್ಲ ಒಟ್ಟಿಗೆ. "ಅಷ್ಟೊಂದು ಟಿವಿ ಇಟ್ಟಿದಾರಾ ಮನೇಲಿ?" ಅಂತ ಯಾರೋ ಹೆಂಗಸು ಕೇಳಿದ್ದು ನಮಗೂ ಕೇಳಿಸಿತು. "ಅಲ್ಲಿ ಎಲ್ಲರ ಮನೇಲೂ ಹಾಗೇ," ಅಂತ ಇನ್ನೊಬ್ಬರು ಹೇಳಿದರು.

"ಯಜಮಾನರೂ ಅವರ ಪತ್ನಿಯೂ ಮುಂದೆ ಬನ್ನಿ," ಎಂದರು ಪುರೋಹಿತರು.

ಅಲ್ಲಿನ ಯಜಮಾನರೆಂದರೆ ಚಿಕ್ಕಪ್ಪ. ಪತ್ನಿಯೆಂದರೆ ಫೋನು ಹಿಡಿದು ನಿಂತಿದ್ದ ಚಿಕ್ಕಮ್ಮ. ಧಾರೆ ಎರೆಯುವವರ ಕೈಗೇ ಫೋನು ಕೊಟ್ಟರೆ ಏನಾಗುತ್ತದೆ ಎಂದು ಎರಡು ದೇಶದಲ್ಲಿ ಒಬ್ಬರೂ ಯೋಚಿಸಿರಲಿಲ್ಲ. ಚಿಕ್ಕಮ್ಮ ಫೋನನ್ನು ಪಕ್ಕದ ಹರಿವಾಣದಲ್ಲಿ ಕ್ಯಾಮೆರಾ ಮೇಲೆ ಮಾಡಿ ಮಲಗಿಸಿ ಚೊಂಬು ಎತ್ತಿಕೊಂಡರು. ನಲವತ್ತು ನಿಖಿತಾ ಹೋಗಿ ಛತ್ರದ ಮಾಳಿಗೆಯ ನಲವತ್ತು ಸೀಲಿಂಗ್ ಫ್ಯಾನು ಬಂದವು.

"ಚಿಕ್ಕಮ್ಮ, ಫೋನು," ಎಂದು ಕೂಗಿದೆ. ಅಷ್ಟರಲ್ಲಿ ಅಂತರಪಟ ಸರಿಸಿದರೋ ಏನೋ, ಗಟ್ಟಿಮೇಳ ಶುರುವಾಯಿತು. ನನ್ನ ಕೂಗು ಡೋಲಿನಲ್ಲಿ ಮುಳುಗಿತು. ಸೋಫಾದ ದಂಪತಿ, ಶೆರಿಲ್, ಯಶ್ವಂತ್ ನಾಲ್ವರೂ ಫ್ಯಾನಿನ ಮೇಲೆ ಪಾಪ್‌ಕಾರ್ನ್ ಎರಚಿದರು.

"ರೆಕ್ಕೆ ನೋಡು ಚಂದ್ರಿ. ಮೇಲಿನ ಸಾಲಿನ ಮೂರನೇದರಲ್ಲಿ ಚೂರೂ ಕಲಸಿಲ್ಲ, ಓಲೆಡ್‌ನಲ್ಲಿ ಓಡೋ ಚಿತ್ರ..."

"ರೀ."

"ಹೂಂ," ಎಂದು ಎತ್ತಿ ಕಟ್ಟಿದ್ದ ಪಂಚೆ ಇಳಿಬಿಟ್ಟುಕೊಂಡರು.

ಆಮೇಲೆ ಅಕ್ಷತೆ ಬೀಳತೊಡಗಿತು. ಅಲ್ಲಿನ ಐನೂರು ಜನ ವಧೂವರರ ಮೇಲೆ ಎಸೆದದ್ದರಲ್ಲಿ ಒಂದು ಪಾಲು ಹರಿವಾಣಕ್ಕೂ ಬಿತ್ತು. ಮೊದಲು ಒಂದೆರಡು ಕಾಳು, ಆಮೇಲೆ ಹಿಡಿ ಹಿಡಿ. ಫ್ಯಾನು ಮುಚ್ಚಿತು. ನಲವತ್ತು ಟಿವಿಗಳಲ್ಲೂ ಅರಿಶಿನದ ಅಕ್ಕಿ, ಒಂದೊಂದರಲ್ಲೂ ಒಂದೊಂದು ಹಳದಿ. ಕೊನೆಗೆ ಬೆಳಕೂ ನುಸುಳಲಿಲ್ಲ.

ಓಲಗ ನಿಂತಿತು. "ನ್ಯೂಜಿಲೆಂಡಿನ ಯಜಮಾನರು ಸಿದ್ಧವೇ?" ಎಂದು ಪುರೋಹಿತರ ದನಿ ಕತ್ತಲಿನೊಳಗಿಂದ ಬಂತು. "ಸಂಕಲ್ಪ ಮಾಡ್ತೀನಿ. ನಾನು ಹೇಳಿದ ತಕ್ಷಣ ಎರೀರಿ."

"ಇಲ್ಲ," ಅಂದೆ. "ಅವಳ ಮುಖ ಕಾಣ್ತಿಲ್ಲ. ಫೋನ್ ಎತ್ತಿ ಹಿಡೀರಿ."

"ಯಾರೂ ಫೋನು ಮುಟ್ಬೇಡಿ, ಲೈನ್ ಹೋಗ್ಬಿಡುತ್ತೆ," ಎಂದು ಫೋಟೋದವನು ಕಿರುಚಿದ. "ಬೆಳಿಗ್ಗೆ ಟೆಸ್ಟ್ ಮಾಡುವಾಗ್ಲೇ ಎರಡು ಸಲ ಹೋಗಿತ್ತು."

"ಮುಹೂರ್ತ ಮೀರುತ್ತೆ ತಾಯಿ," ಎಂದರು ಪುರೋಹಿತರು.

"ಮುಖ ಕಾಣ್ದೆ ನಾನು ಎರೆಯೋಲ್ಲ."

ಆ ಮಾತು ಛತ್ರದ ಮೈಕುಗಳಲ್ಲಿ ಹೋಗಿ ತಿರುಗಿ ನನ್ನ ಕಿವಿಗೇ ಬಿತ್ತು. ನನಗೆ ಎಲ್ಲರ ಮೇಲೂ ಸಿಟ್ಟು ಬಂದಿತ್ತು, ಗಂಡನ ಮೇಲೆ, ಡೆಕ್ಕಿನ ಪಾಚಿಯ ಮೇಲೆ, ಫೋನು ಮಲಗಿಸಿದ ಚಿಕ್ಕಮ್ಮನ ಮೇಲೆ. ಮಗುವಿನಂತೆ ಸಾಕಿದವಳ ಮದುವೆಯಲ್ಲಿ ನಾನಿಲ್ಲ ಎಂಬುದು ಅಲ್ಲಿಯವರೆಗೆ ನನಗೆ ಪೂರ್ತಿ ನಾಟಿರಲಿಲ್ಲ. ಟಿವಿ, ಕೆಟಲ್, ಡಬ್ಬಿ ಎಂದು ಓಡಾಡುತ್ತ ಮರೆತಿದ್ದೆ. ಈಗ ನಾಟಿತು. ಕೈಯಲ್ಲಿದ್ದ ಕೆಟಲ್ ವಾಲಿ ಒಂದಷ್ಟು ನೀರು ಬೂಟಿನ ಮೇಲೆ ಚೆಲ್ಲಿತು. ಗುರುರಾಜ್ ಬಟ್ಟೆಯ ತುಂಡನ್ನು ಎಲ್ಲೋ ಬಿಟ್ಟು ಬಂದು ನನ್ನ ಕೈಯ ಕೆಳಗೆ ತಮ್ಮ ಕೈ ಕೊಟ್ಟು ಹಿಡಿದರು.

"ಅಕ್ಕ."

ನಿಖಿತಾಳ ದನಿ. ಮದುಮಗಳು ಮಾತಾಡಬಾರದು ಅಂತ ಯಾರೋ ಗದರಿದ್ದು ಕೇಳಿಸಿತು. ಅವಳು ಲೆಕ್ಕಕ್ಕಿಡಲಿಲ್ಲ.

"ಅಕ್ಕ, ಇಲ್ಲಿ ಗೋಡೆ ತುಂಬ ನೀನೇ ಇದೀಯ. ಇಷ್ಟು ದೊಡ್ಡದಾಗಿ ನಿನ್ನ ನಾನು ಯಾವತ್ತೂ ನೋಡಿಲ್ಲ. ಮೂಗು ಒರೆಸ್ಕೋ, ಎಲ್ಲರಿಗೂ ಕಾಣ್ತಿದೆ."

ಛತ್ರದಲ್ಲಿ ಕೆಲವರು ನಕ್ಕರು. ನಾನು ಸೆರಗಿನಿಂದ ಮೂಗು ಒರೆಸಿಕೊಂಡೆ.

"ನನಗೆ ನೀನು ಕಾಣ್ತಿದೀಯ ಅಕ್ಕ. ಅಷ್ಟು ಸಾಕು. ಚಿಕ್ಕಪ್ಪ ಚೊಂಬು ಹಿಡ್ಕೊಂಡು ನಿಂತಿದಾರೆ, ಅವರಿಗೆ ನಿಲ್ಲಿ ಅಂತ ಹೇಳಿದೀನಿ. ಮೊದಲು ನಿನ್ನ ನೀರು ಬೀಳ್ಲಿ. ಆಮೇಲೆ ಅವರದ್ದು. ಸ್ವಲ್ಪ ಎತ್ತಿ ಹಿಡಿ. ಬೀಳೋದು ನನಗೆ ಕಾಣ್ಬೇಕು."

ಪುರೋಹಿತರು ನಮ್ಮ ಹೆಸರು ಹೇಳಿ ಮಂತ್ರ ಮುಗಿಸಿದರು. ನಾನೂ ಗುರುರಾಜರೂ ಕೆಟಲ್ಲನ್ನು ಎದೆಯ ಮಟ್ಟಕ್ಕೆ ಎತ್ತಿ, ಲ್ಯಾಪ್‌ಟಾಪಿನ ಕಣ್ಣಿಗೆ ಚೆನ್ನಾಗಿ ಬೀಳುವಂತೆ ತಿರುಗಿ, ಅವಳು ಸಾಕು ಅನ್ನುವವರೆಗೂ ನಿಧಾನವಾಗಿ ಎರೆದೆವು.